ಪಾದ ದೋಷ ಎಂಬ ಎರಡು ಪದ

ಹುಲಿಗುಡ್ಡದ ಘಾಟಿ, ಫೆಬ್ರವರಿ ೩೦, ೨೧೮೮

ಗ್ಯಾರೇಜಿನ ಗೋಡೆಗೆಂದು ಎಂಜಿನ್ ದೋಷದ ಕೋಡುಗಳ ಕನ್ನಡ ಪಟ್ಟಿ ಅಚ್ಚು ಹಾಕಿಸುತ್ತಿರುವ ಹಿರಿಯರೇ,

ನಿಮ್ಮ ಪಟ್ಟಿಯ ಎರಡು ಪದ ನನ್ನ ಅಕ್ಕನನ್ನು ಕೊಂದಿವೆ. ಪಿ ೨೧೩೮ ಎಂಬ ಕೋಡಿನ ಎದುರು ನೀವು 'ಪಾದ ದೋಷ' ಎಂದು ಬರೆದಿದ್ದೀರಿ. ಪೆಡಲ್ ಎಂಬುದಕ್ಕೆ ಚಂದದ ಕನ್ನಡ ಬೇಕೆನಿಸಿರಬೇಕು.

ನನ್ನ ತಾರೀಖೂ ಮಾತೂ ವಿಚಿತ್ರವೆನಿಸಿದರೆ ಕ್ಷಮಿಸಿ. ಇಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಬರೆಯಲು ನನಗೆ ಕಲಿಸಿದ್ದು ಹಳೆಯ ಕರಪತ್ರಗಳು. ಹಾಗಾಗಿ ಮೆದುವಾಗಿ ಬರೆಯಲು ಬಾರದು.

ಹೊಸ ಗಾಡಿಗಳನ್ನು ಈಗ ಯಾರೂ ಮಾಡುವುದಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲದ ಜೀಪುಗಳನ್ನೇ ಹೊಂಗೆಯೆಣ್ಣೆ ಹಾಕಿ ಓಡಿಸುತ್ತೇವೆ. ಗಾಡಿ ಕೆಟ್ಟರೆ ಅದನ್ನು ಕೋಡುಕಟ್ಟೆಗೆ ಎಳೆದು ತರುತ್ತಾರೆ. ಕೋಡುಕಟ್ಟೆಯೆಂದರೆ ನಿಮ್ಮ ಪಟ್ಟಿಯನ್ನು ಕೆತ್ತಿದ ಗೋಡೆ, ಅದರ ಮುಂದೊಂದು ಕಲ್ಲುಹಾಸು. ಗಾಡಿಗೆ ಕೋಡು ಓದುವ ಯಂತ್ರ ಚುಚ್ಚಿ, ಬಂದ ನಂಬರನ್ನು ಕೂಗುತ್ತಾರೆ. ಗೋಡೆಯಲ್ಲಿ ಇದ್ದದ್ದೇ ತೀರ್ಪು. ಪ್ರತಿ ಅಮಾವಾಸ್ಯೆ ಗಾಡಿ ತೊಳೆದು, ಕಾಯಿ ಒಡೆದು, ಆ ನೀರನ್ನು ಪೆಡಲುಗಳ ಮೇಲೆ ಸುರಿಯುತ್ತೇವೆ. ಅದಕ್ಕೆ ಪಾದಸ್ನಾನ ಎನ್ನುತ್ತಾರೆ.

ಅಕ್ಕ ದಾನಮ್ಮ ಹದಿನಾಲ್ಕು ವರ್ಷ ಈ ಘಾಟಿಯಲ್ಲಿ ಜೀಪು ಓಡಿಸಿದವಳು. ಕಳೆದ ತಿಂಗಳು ಏರಿನಲ್ಲಿ ಎಂಜಿನ್ ಬಲ ಒಮ್ಮೆಲೇ ಕುಸಿಯಿತು. ಜೀಪು ಹಿಂದಕ್ಕೆ ಜಾರಿ ಕಮರಿಗೆ ಬಿತ್ತು. ಒಂಬತ್ತು ಜನ ಸತ್ತರು, ಅವಳು ಉಳಿದಳು. ಕಮರಿಗೇ ಇಳಿದು ಯಂತ್ರ ಚುಚ್ಚಿದರು, ನಂಬರ್ ೨೧೩೮ ಬಂತು. ಕಟ್ಟೆಯ ಹಿರಿಯ ಸಂಗಪ್ಪಜ್ಜ, "ಕಾಲಿಂದ ತಪ್ಪಂತ ಗಾಡೀನ ಹೇಳೇತಿ, ಇನ್ನ ಯಾರ್ನ ಕೇಳೂದು?" ಅಂದ. ಹಗ್ಗದಲ್ಲಿ ಬಿಗಿದಿದ್ದರೂ ಅಕ್ಕ ನಕ್ಕಳು: "ಗಾಡೀಗೆ ನನ್ನ ಕಾಲ ಕಂಡಾವೇನ್ರಿ ಅಜ್ಜಾರ? ಕಣ್ಣ ಎಲ್ಲಿಟ್ಟೀರಿ ಅದಕ್ಕ?" ಎರಡೂ ಪಾದಗಳನ್ನು ಕಲ್ಲುಹಾಸಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದರು. ಎಲುಬು ಮುರಿದ ಸದ್ದು ಗೋಡೆಗೆ ತಾಗಿ ಮರಳಿತು. ಮೂರನೆಯ ದಿನ ಸತ್ತಳು.

ಆಮೇಲೆ ನಾನು ಕಮರಿಗಿಳಿದು ಆ ಪೆಡಲನ್ನು ಬಿಚ್ಚಿ ತಂದೆ. ಒಳಗೆ ಎರಡು ಸೆನ್ಸರ್ ಇವೆ. ಪೆಡಲನ್ನು ಎಷ್ಟು ಒತ್ತಿದ್ದಾರೆಂದು ಎರಡೂ ಎಂಜಿನ್ನಿಗೆ ಹೇಳುತ್ತಿರುತ್ತವೆ. ಅವುಗಳ ಮಾತು ಹೊಂದದಿದ್ದರೆ ಎಂಜಿನ್ ಯಾವುದನ್ನೂ ನಂಬದೆ ಬಲ ಇಳಿಸುತ್ತದೆ. ೨೧೩೮ ಹೇಳುವುದು ಇಷ್ಟೇ. ಯಾರ ತಪ್ಪೆಂದು ಅದು ಹೇಳುವುದಿಲ್ಲ. ಅದು ದೂರು, ತೀರ್ಪಲ್ಲ. ವೈರಿನ ಪ್ಲಗ್ ತೆಗೆದೆ: ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಾಯಿನೀರಿನ ಕಿಲುಬು. ಜೀಪು ಬೀಳುವ ಮುಂಚಿನ ಅಮಾವಾಸ್ಯೆ ಅದಕ್ಕೆ ನೀರು ಸುರಿದವಳು ನಾನು.

ನಿನ್ನೆ ಮಾಬುಸಾಬ ಮಾವನ ಜೀಪಿಗೂ ಅದೇ ನಂಬರ್ ಬಂದಿದೆ. ಅಕ್ಕನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ಅವನು. ಮಾರ್ಚ್ ೩ರ ತೀರ್ಪಿನವರೆಗೆ ಅವನನ್ನು ಟಯರ್ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅಂದು ಅಕ್ಕನ ಜೀಪಿನ ಪೆಡಲನ್ನು ಹಿಡಿದು ನಾನು ಕಲ್ಲುಹಾಸಿನ ಮೇಲೆ ನಿಲ್ಲುತ್ತೇನೆ. ಅವರು ಕೇಳದಿದ್ದರೆ, ಅಕ್ಕನ ರಕ್ತ ಒಣಗಿರುವ ಅದೇ ಸುತ್ತಿಗೆಯಿಂದ ಗೋಡೆ ಒಡೆಯುತ್ತೇನೆ. ಅಡ್ಡ ಬಂದ ಕೈಯನ್ನೂ ಬಿಡುವುದಿಲ್ಲ.

ನಿಮ್ಮ ಕಾಲದಲ್ಲಿ ಆ ಅಚ್ಚು ಇನ್ನೂ ಒಣಗಿಲ್ಲ. ಆ ಎರಡು ಪದ ಹೊಡೆದುಹಾಕಿ, ಹೀಗೆ ಬರೆಯಿರಿ: 'ಪೆಡಲಿನ ಎರಡು ಸೆನ್ಸರುಗಳ ಮಾತು ಹೊಂದುತ್ತಿಲ್ಲ. ಮೊದಲು ಪ್ಲಗ್ ಬಿಚ್ಚಿ ನೋಡಿ.' ಸಂಗಪ್ಪಜ್ಜ ಗೋಡೆಯತ್ತ ತಿರುಗಿ ಓದುವಾಗ ಆ ಸಾಲಿನಲ್ಲಿ ನೀವು ನನಗೆ ಸಿಗಬೇಕು. ಮಾರ್ಚ್ ೩, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಗುರವ್ವ