ನಂಬರು ಇಳಿದಾಗ ಮಾತಾಡಿ

3-2-2011

ಮೊಬೈಲ್ ಅಂಗಡಿಯ ಷಟರ್ ಎತ್ತಿ ಕಸ ಹೊಡೆಯುವಷ್ಟರಲ್ಲಿ ಮೂವರು ಬಂದು ನಿಂತಿದ್ದರು. ಮೂವರಿಗೂ ಆ ಹೊಸ ಕಂಪನಿಯ ಸಿಮ್ಮೇ ಬೇಕು. ಕೆ.ಬಿ. ಕ್ರಾಸಿನಲ್ಲಿ ಈಗ ಅದರದ್ದೇ ಮಾತು. ಎಲ್ಲ ಕಡೆ ಒಂದೇ ರೇಟಲ್ಲ. ಟವರಿನಿಂದ ಟವರಿಗೆ ಬೇರೆ, ಗಂಟೆಯಿಂದ ಗಂಟೆಗೆ ಬೇರೆ. ಮೊಬೈಲ್ ಪರದೆಯ ಮೇಲೆ ನಂಬರು ಬರುತ್ತದೆ – 5%, 30%, 60%... ಹೀಗೆ.

ಹೇಳಿ ಹೇಳಿ ಬಾಯಿಪಾಠವಾಗಿದೆ. "ನಂಬರು ಏರಿದ್ರೆ ರೇಟು ಏರ್ತು ಅಂತ. ಇಳಿದಾಗ ಮಾತಾಡಿ." ಕೊಬ್ಬರಿ ಸೀಮೆಯವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಬುಧವಾರ, ಶನಿವಾರ ತಿಪಟೂರಿನ ಕೊಬ್ಬರಿ ಟೆಂಡರ್ ರೇಟು ಕಿವಿಗೆ ಬಿದ್ದೇ ಬೆಳೆದವರು. ನಂಬರು ಅಂದರೆ ರೇಟು, ಅಷ್ಟೇ.

ಶಂಭುಲಿಂಗಯ್ಯನವರು ಬೆಂಚಿನ ಮೇಲೆ ಪೇಪರ್ ಹಿಡಿದು ಕೂತು ಎಲ್ಲ ಕೇಳಿಸಿಕೊಂಡರು. ಅಪ್ಪನ ಸ್ನೇಹಿತರು. "ನಿಮ್ಮಪ್ಪ ನಿನ್ನ ಕೊಬ್ಬರಿ ಮಂಡಿಗೆ ಸೇರಿಸ್ದೆ ಕೆಟ್ಟ ಕಣಪ್ಪ. ಎಷ್ಟು ಸಲೀಸಾಗಿ ಬಿಡಿಸಿ ಹೇಳ್ತೀಯ" ಎಂದು ಬೆನ್ನು ತಟ್ಟಿದರು. ಬಿ.ಕಾಂ. ಮುಗಿಸಿ ಬಂದಾಗ, "ಇವನ ತಲೆಗೆ ರೇಟು ಹತ್ತಲ್ಲ" ಎಂದು ಅಪ್ಪ ಹೇಳಿದ್ದು ಇದೇ ಶಂಭುಲಿಂಗಯ್ಯನವರ ಮುಂದೆ. ಮರೆತಿಲ್ಲ. ಇವತ್ತು ಖುಷಿಯಾಯಿತು, ಸುಳ್ಳೇಕೆ.

9-2-2011

ಸಿದ್ದಕ್ಕ ಬಂದಿದ್ದಳು. ನಮ್ಮ ಚಿಕ್ಕಪ್ಪನ ತೋಟದಲ್ಲೇ ವಾಸ, ಅಲ್ಲಿನ ಶೆಡ್ಡಿನಲ್ಲಿ ಕೊಬ್ಬರಿ ಒಡೆಯುವವಳು. ಕರಟ ಬಿಡಿಸಿದರೆ ಉಂಡೆಗೆ ಒಂದು ಗೀರು ಬೀಳುವುದಿಲ್ಲ, ಅಂಥ ಕೈ. ಅಕ್ಷರ ಬಾರದು, ಅಂಕಿ ಗೊತ್ತು. ಒಬ್ಬಳೇ ಮಗಳು ಗಂಗಲಕ್ಷ್ಮಿಯನ್ನು ದಂಡಿನಶಿವರಕ್ಕೆ ಕೊಟ್ಟಿದ್ದಾಳೆ. ಈಗ ಐದು ತಿಂಗಳು, ಚೊಚ್ಚಲು. ಅದಕ್ಕೇ ಫೋನು ತೆಗೆದುಕೊಂಡದ್ದು.

"ತೋಟದಾಗೆ ಯಾವಾಗ್ ನೋಡಿದ್ರೂ ಅರವತ್ತೇ ಕಣಪ್ಪ. ಇಳಿಯಾಕೇ ಒಲ್ದು" ಎಂದಳು. ದಾರಿಯುದ್ದಕ್ಕೂ ಪರದೆ ನೋಡಿಕೊಂಡೇ ಬಂದಳಂತೆ – ನಲವತ್ತು, ಇಪ್ಪತ್ತು, ನನ್ನ ಅಂಗಡಿ ಮುಂದೆ ಐದು.

"ಹಂಗಾದ್ರೆ ಇಲ್ಲಿಗೇ ಬಂದು ಮಾತಾಡಕ್ಕ."

ಎರಡು ಮೈಲಿ. ಮಂಡಿ ನೋವು ಬೇರೆ. "ಮಗ್ಳು ದನಿ ಕೇಳಾಕೆ ಎಲ್ಡು ಮೈಲಿ ಏನ್ ದೊಡ್ದು, ಬುಡು" ಎಂದಳು.

21-2-2011

ಸಂಜೆ ಐದಾದರೆ ಅಂಗಡಿ ಮುಂದೆ ಸಂತೆ. ಸುತ್ತಲಿನ ಹಳ್ಳಿಯವರೆಲ್ಲ ಇಲ್ಲಿಗೇ ಬಂದು ಕಿವಿಗೆ ಫೋನು ಹಚ್ಚುತ್ತಾರೆ. ಪಕ್ಕದ ಟೀ ಅಂಗಡಿಯವನು ನನಗೆ ಕೈ ಮುಗಿಯುವುದೊಂದು ಬಾಕಿ.

ಸಿದ್ದಕ್ಕ ಮಗಳಿಗೆ, "ಬೆಳಗಾಗೆದ್ದು ಬರೀ ಹೊಟ್ಟೇಲಿ ಟೀ ಕುಡೀಬ್ಯಾಡ, ಮೊದ್ಲು..." ಅನ್ನುತ್ತಿದ್ದ ಹಾಗೆಯೇ ಬ್ಯಾಲೆನ್ಸ್ ಮುಗಿಯಿತು. ಮೊದಲು ಏನು ತಿನ್ನಬೇಕೋ ಮಗಳಿಗೆ ಗೊತ್ತಾಗಲೇ ಇಲ್ಲ. "ಐದ್ರಾಗೆ ಮಾತಾಡಿದ್ರೂ ಇಷ್ಟು ಬಿರ್ರನೆ ಖಾಲಿ ಆಯ್ತದಲ್ಲ. ಕಂಪ್ನಿಯೋರು ಕಳ್ರು ಕಣಪ್ಪ" ಎಂದಳು. ಹೌದು, ಕಳ್ಳರೇ ಎಂದೆ.

4-3-2011

ತಿಪಟೂರಿನಿಂದ ಸಿಮ್ ತಂದುಕೊಡುವ ಶಿವರಾಜು ಸಂಜೆ ಬೈಕಿನಲ್ಲಿ ಬಂದ. ಗುಂಪು ನೋಡಿ ಕಣ್ಣರಳಿಸಿದ.

"ಇದೇನ್ಲಾ ಮಹಾಂತೇಶ, ನಿಮ್ಮೋರು ರೇಟು ಜಾಸ್ತಿ ಇರೋ ಜಾಗಾನೇ ಹುಡುಕ್ಕೊಂಡು ಬಂದು ಮಾತಾಡ್ತಾರಲ್ಲ!"

ಜಾಸ್ತಿಯೇ? ಐದಲ್ಲವೇ?

"ಐದು ರೇಟಲ್ಲ ಕಣ್ಲಾ, ಡಿಸ್ಕೌಂಟು! ಅರವತ್ತು ಅಂದ್ರೆ ಅರವತ್ತು ಪರ್ಸೆಂಟ್ ಕಮ್ಮಿ. ಜನ ಕಮ್ಮಿ ಇರೋ ಟವರಲ್ಲಿ ಹೆಚ್ಚು ಬಿಡ್ತಾರೆ. ಇಲ್ಲಿ ರಶ್ಶು, ಅದ್ಕೇ ಬರೀ ಐದು."

"ಗೊತ್ತು, ಗೊತ್ತು" ಎಂದೆ. ಅವನಿಗೂ ಹಾಗೆಯೇ ಹೇಳಿದೆ ನೋಡಿ, ನಾನೆಂಥವನು. ಅವನು ಹೋದ ಮೇಲೆ ಕಂಪನಿಯ ಕರಪತ್ರ ಹುಡುಕಿದೆ. ಕೌಂಟರಿನ ಕೆಳಗೆ ಕಟ್ಟು ಬಿಚ್ಚದೆ ಬಿದ್ದಿತ್ತು. ಮೊದಲನೇ ಸಾಲಿನಲ್ಲೇ ಇತ್ತು. ಒಂದು ತಿಂಗಳಿಂದ ಊರಿಗೆಲ್ಲ ಪಾಠ ಹೇಳಿದ್ದೇನೆ, ಒಂದು ಸಾಲು ಓದದೆ.

ಹೊರಗೆ ಸಿದ್ದಕ್ಕ ನೆಲದ ಮೇಲೆ ಕೂತು ಮಗಳ ಜೊತೆ ಗಬಗಬ ಮಾತಾಡುತ್ತಿದ್ದಳು, ಬ್ಯಾಲೆನ್ಸ್ ಮುಗಿಯುವುದರೊಳಗೆ ಎಲ್ಲ ಹೇಳಿಬಿಡಬೇಕೆಂದು. ತೋಟದಲ್ಲೇ ಕೂತು ಇದಕ್ಕೆ ಎರಡರಷ್ಟು ಮಾತಾಡಬಹುದಿತ್ತು.

ನಾಳೆ ಹೇಳುತ್ತೇನೆ.

5-3-2011

ಶಂಭುಲಿಂಗಯ್ಯನವರು ಇದ್ದರು. ಹೇಳಲಿಲ್ಲ.

6-3-2011

ಇವತ್ತೂ ಇದ್ದರು.

17-4-2011

ಬರೆದರೆ ಅದನ್ನೇ ಬರೆಯಬೇಕಲ್ಲ ಎಂದು ಇಷ್ಟು ದಿನ ಪುಸ್ತಕ ಮುಟ್ಟಲಿಲ್ಲ.

ಬಿಸಿಲು ಸುಡುತ್ತಿದೆ. ಸಿದ್ದಕ್ಕನ ಚಪ್ಪಲಿ ಕಿತ್ತುಹೋಗಿದೆ, ಬರಿಗಾಲಲ್ಲೇ ಬರುತ್ತಾಳೆ. ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಧೈರ್ಯ ಮಾಡಿದೆ. "ಅಕ್ಕ, ಮಂಡಿ ನೋವು ಅಂತೀಯ. ತೋಟದಿಂದಲೇ ಮಾತಾಡು."

"ಅಲ್ಲಿ ಅರವತ್ತು ಕಣಪ್ಪ! ಇಳಿದಾಗ ಮಾತಾಡು ಅಂತ ನೀನೇ ಹೇಳ್ಳಿಲ್ವಾ?"

ಯಾರೂ ಇರಲಿಲ್ಲ. ನಾನು, ಅವಳು ಇಬ್ಬರೇ. ಆದರೂ ಬಾಯಿ ಬರಲಿಲ್ಲ. ಇಷ್ಟು ದಿನ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಮೊದಲ ದಿನ ಹೇಳಿದ್ದರೆ ತಪ್ಪು ಒಂದು. ಈಗ ಎರಡು.

11-5-2011

ಸಂಜೆ ಆರೂವರೆಗೆ ಸಿದ್ದಕ್ಕನಿಗೆ ಬೈಕು ಗುದ್ದಿತು. ನನ್ನ ಅಂಗಡಿಯ ಎದುರೇ. ಮೊಬೈಲು ನೋಡಿಕೊಂಡು ಹೈವೇ ದಾಟುತ್ತಿದ್ದಳು. ಹದಿನೈದು ತೋರಿಸುತ್ತಿತ್ತಂತೆ. ಐದಾಗಲಿ ಎಂದು ನಡುರಸ್ತೆಯಲ್ಲೇ ನಿಂತಳಂತೆ.

ನಾನೇ ಆಟೋದಲ್ಲಿ ತಿಪಟೂರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ನೀನಿಲ್ದಿದ್ರೆ ನನ್ ಗತಿ ಏನಾಯ್ತಿತ್ತು ಮಾಂತೇಶಪ್ಪ" ಎಂದು ಅತ್ತಳು. ಕೈ ಕಿತ್ತುಕೊಂಡು ಆಟೋದಿಂದ ಹಾರಿಬಿಡಬೇಕು ಅನ್ನಿಸಿತು.

ಬಲಗಾಲು, ತೊಡೆ ಮೂಳೆ. ಮೂರು ತಿಂಗಳು ಏಳುವಂತಿಲ್ಲ. ಮುಂದಿನ ವಾರ ಮಗಳನ್ನು ಹೆರಿಗೆಗೆ ಕರೆತರುವವಳಿದ್ದಳು. ತಾಯಿಗೇ ಬೇರೆಯವರು ಮಾಡಬೇಕಾಗಿರುವಾಗ ಬಾಣಂತನ ಮಾಡುವವರು ಯಾರು?

19-5-2011

ಎಳನೀರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಶಂಭುಲಿಂಗಯ್ಯನವರೂ ಜೊತೆಗೆ ಬಂದರು. ಬಾಗಿಲಲ್ಲೇ ಸಿದ್ದಕ್ಕನ ಮೈದುನ ಚಿಕ್ಕಣ್ಣನ ಕೂಗು ಕೇಳಿಸಿತು. ಪಕ್ಕದ ಮಂಚದವರ ಬಳಿ ಅದೇ ಸಿಮ್ಮು ಇದೆ. ನಂಬರಿನ ಅರ್ಥ ಅವರು ಹೇಳಿದ್ದಾರೆ.

"ಯಾವ ನನ್ಮಗ ನಿಂಗೆ ಹಿಂಗೆ ಹೇಳ್ಕೊಟ್ಟಿದ್ದು? ಹೆಸ್ರು ಹೇಳತ್ತಿಗೆ!"

ಸಿದ್ದಕ್ಕ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಕಣ್ಣಲ್ಲೇ ತಿಳಿಯಿತು.

"ಮಾಂತೇಶಪ್ಪ ಸರ್ಯಾಗೇ ಹೇಳಿದ್ದ ಕಣ್ಲಾ. ನನ್ ತಲೆಗೇ ಉಲ್ಟಾ ಹತ್ತೈತೆ" ಎಂದಳು.

ತನ್ನನ್ನು ಆಸ್ಪತ್ರೆಗೆ ಸೇರಿಸಿದವನ ಮಾನ ಹೋಗದಿರಲಿ ಎಂದು. ಇನ್ನೇನು?

ಶಂಭುಲಿಂಗಯ್ಯನವರು ನನ್ನನ್ನೊಮ್ಮೆ ನೋಡಿದರು. ಫೆಬ್ರವರಿಯಲ್ಲಿ ಬೆನ್ನು ತಟ್ಟಿದವರು ಅವರೇ. ನೆನಪಿರದೆ ಇರುತ್ತದೆಯೇ? ಆಮೇಲೆ ಗಂಟಲು ಸರಿಮಾಡಿಕೊಂಡು, "ಓದು ಬರಹ ಇಲ್ದಿದ್ರೆ ಹಿಂಗೇಯ" ಎಂದರು.

ನಾನು ತಲೆಯಾಡಿಸಿದೆ. ಸುಮ್ಮನಿದ್ದೆ ಎಂದು ಬರೆಯಲು ಹೊರಟಿದ್ದೆ. ಇಲ್ಲ, ಸುಮ್ಮನಿರಲಿಲ್ಲ. ತಲೆಯಾಡಿಸಿದೆ.

22-5-2011

ಅಂಗಡಿಗೆ ಬೋರ್ಡು ಹಾಕಿದೆ – "ನಂಬರು ಹೆಚ್ಚಿದ್ದಷ್ಟೂ ಕರೆ ಅಗ್ಗ." ಯಾರಾದರೂ ಬಂದು ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ. ಯಾರೂ ಬರಲಿಲ್ಲ. ಎಲ್ಲರೂ ಐದಕ್ಕೆ ಕಾದವರೇ, ಈಗ ಒಬ್ಬನೂ ಒಪ್ಪುವುದಿಲ್ಲ. "ನಮ್ಗೆ ಗೊತ್ತಿತ್ತು ಬುಡು. ಆ ಸಿದ್ದಕ್ಕ ಎಲ್ರಿಗೂ ಉಲ್ಟಾ ಹೇಳ್ಕೊಂಡು ತಿರುಗ್ತಿದ್ಲು" ಎನ್ನುತ್ತಾರೆ. ಹೆಸರೂ ಇಟ್ಟಿದ್ದಾರೆ. ಅರವತ್ತಕ್ಕ.

20-6-2011

ಗಂಗಲಕ್ಷ್ಮಿಗೆ ಹೆಣ್ಣು ಮಗು. ದಂಡಿನಶಿವರದಲ್ಲೇ, ಅತ್ತೆ ಮನೆಯಲ್ಲಿ ಬಾಣಂತನ. ಸಿದ್ದಕ್ಕನನ್ನು ನೋಡಲು ತೋಟದ ಮನೆಗೆ ಹೋಗಿದ್ದೆ. ಮಲಗಿದ್ದಲ್ಲೇ ಫೋನಿನಲ್ಲಿ ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದಳು. ಅರ್ಧ ಗಂಟೆಯಾದರೂ ಲೈನು ಕಟ್ಟಾಗಲಿಲ್ಲ.

ಇಟ್ಟ ಮೇಲೆ ಪರದೆಯನ್ನು ನನಗೆ ತೋರಿಸಿದಳು. 60%. "ಇಲ್ಲಿಂದ್ಲೇ ಎಷ್ಟೊತ್ತು ಬೇಕಾದ್ರೂ ಮಾತಾಡ್ಬೋದಿತ್ತಲ್ಲಪ್ಪ" ಎಂದಳು. ದನಿಯಲ್ಲಿ ಒಂದಿಷ್ಟೂ ಸಿಟ್ಟಿಲ್ಲ. ಬೈದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ. ಟೀ ಕುಡಿದು ಎದ್ದು ಬಂದೆ.

27-8-2011

ನಿನ್ನೆಯೇ ನಿಶ್ಚಯ ಮಾಡಿದ್ದೆ. ಸಿದ್ದಕ್ಕ ಮೊದಲ ಸಲ ಕ್ರಾಸಿಗೆ ಬಂದ ದಿನ ಎಲ್ಲರೆದುರು ಹೇಳಿಬಿಡುವುದು. ನಾನೇ ತಪ್ಪು ಹೇಳಿದ್ದು, ಗೊತ್ತಾದ ಮೇಲೂ ಮುಚ್ಚಿಟ್ಟದ್ದು, ಎಲ್ಲ.

ಇವತ್ತೇ ಬಂದಳು. ಕೋಲೂರಿಕೊಂಡು, ಕಾಲು ಎಳೆದುಕೊಂಡು. ಬೆಂಚಿನ ತುಂಬ ಜನ. "ಬಂದ್ಲಪ್ಪ ಅರವತ್ತಕ್ಕ" ಎಂದು ಯಾರೋ ಅಂದರು. ನಗು. ಶಂಭುಲಿಂಗಯ್ಯನವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಸಿದ್ದಕ್ಕಾ" ಎಂದೆ, ಗಟ್ಟಿಯಾಗಿಯೇ. ಎಲ್ಲರೂ ನನ್ನ ಕಡೆ ತಿರುಗಿದರು.

"ಎಷ್ಟಕ್ಕೆ ರೀಚಾರ್ಜ್ ಹಾಕ್ಲಿ?"

"ಹತ್ತಕ್ಕೆ ಹಾಕಪ್ಪ" ಎಂದಳು. ಆಮೇಲೆ ಕೌಂಟರಿಗೆ ಕೈಯೂರಿ ನಿಂತಳು. "ಇವ್ರೆಲ್ಲ ನಗ್ತಾವ್ರೆ. ಯಾವ ನಂಬರು ಬಂದ್ರೆ ಅಗ್ಗ ಅಂತ ನಿನ್ ಬಾಯಲ್ಲೇ ಇನ್ನೊಂದ್ ದಪ ಹೇಳ್ಬುಡು."

ತಪ್ಪೊಪ್ಪಿಕೊಳ್ಳಲು ಅವಳೇ ಬಾಗಿಲು ತೆರೆದುಕೊಟ್ಟಳು. ನಾನು ದಾಟಿದರೆ ಸಾಕಿತ್ತು.

"ಜಾಸ್ತಿ ಬಂದ್ರೆ ಅಗ್ಗ ಅಕ್ಕ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಮೊದ್ಲೇ ಹೇಳಿದ್ನಲ್ಲ."

ನನ್ನ ಬಾಯಿಂದಲೇ ಬಂತು. ಯಾರೂ ಹೇಳಿಸಲಿಲ್ಲ.

ಬೆಂಚಿನವರು ನಕ್ಕರು. ಸಿದ್ದಕ್ಕ ನನ್ನ ಮುಖವನ್ನೇ ನೋಡಿದಳು. "ಹೂಂ ಕಣಪ್ಪ. ಹೇಳಿದ್ದೆ" ಎಂದಳು. ದುಡ್ಡಿಟ್ಟು ಕೋಲು ತೆಗೆದುಕೊಂಡು ಹೊರಟಳು. ರಸ್ತೆಯವರೆಗೆ ಹಿಂದೆಯೇ ಓಡಿದೆ. ಅಕ್ಕ, ನಿಂತ್ಕೋ ಎಂದೆ. ಅವಳು ತಿರುಗದೆಯೇ ಕೋಲೂರಿಕೊಂಡು ತೋಟದ ದಾರಿ ಹಿಡಿದಳು.