ಹೊಯಿಗೆಯಲ್ಲಿ ಕಲಿತದ್ದು

ಹೊಯಿಗೆಬಜಾರ್, ಮಂಗಳೂರು
೧೨ ಫೆಬ್ರವರಿ ೧೯೩೬

ಸುಗುಣಾ ಟೀಚರಮ್ಮನವರಿಗೆ ಅಪ್ಪಿ ಮಾಡುವ ನಮಸ್ಕಾರ.

ನಿನ್ನೆ ನೀವು ನಮ್ಮ ಬೇಲಿಯವರೆಗೆ ಬಂದು ವಾಪಸು ಹೋದದ್ದನ್ನು ನೋಡಿದೆ. ಮಗಳು ವಾರಿಜ ತೀರಿಹೋದ ಸುದ್ದಿ ನಿಮಗೆ ದಾರಿಯಲ್ಲೇ ಸಿಕ್ಕಿರಬೇಕು. ಆದರೂ ಒಳಗೆ ಬರಲಿಲ್ಲವೆಂದು ನನಗೆ ಸಿಟ್ಟು ಬಂತು.

ನಾನು ಮೀನು ಮಾರಲು ಹೋದರೆ ನನ್ನ ಸಣ್ಣ ಕೂಸನ್ನು ನೋಡಲು ಜನ ಬೇಕೆಂದು ಅವಳು ಶಾಲೆ ಬಿಟ್ಟಳು. ಶಾಲೆಗೆ ಬಾರದವಳಿಗಾಗಿ ನೀವೇ ಮಧ್ಯಾಹ್ನ ಬಂದು, ಒಣಮೀನಿನ ವಾಸನೆಯಲ್ಲಿ ಕೂತು ಎರಡು ವರ್ಷ ಪಾಠ ಹೇಳಿದಿರಿ.

ನಿಮಗೆ ಗೊತ್ತಿಲ್ಲದ್ದು ಒಂದು ಉಂಟು. ನೀವು ಹೋದ ಮೇಲೆ ಅವಳು ನನಗೆ ಟೀಚರ್ ಆಗುತ್ತಿದ್ದಳು. ನಾನು ಬುಟ್ಟಿ ಇಳಿಸಿದ ಕೂಡಲೇ ಅಂಗಳದ ಹೊಯಿಗೆಯಲ್ಲಿ, ಆ ಮರಳಿನಲ್ಲೇ ಬೆರಳಿಂದ ಅಕ್ಷರ ಬರೆಸುತ್ತಿದ್ದಳು. "ಎಂತ ಅಮ್ಮ ಇದು, ಏಡಿ ನಡೆದ ಹಾಗೆ? ಅಳಿಸಿ ಇನ್ನೊಮ್ಮೆ ಬರಿ" ಎಂದು ಗದರುತ್ತಿದ್ದಳು. ಜ್ವರದಲ್ಲಿ ಮಲಗಿದಾಗಲೂ ನನ್ನಿಂದ ಪಾಠ ಒಪ್ಪಿಸಿಕೊಂಡಳು. ಈ ಕಾಗದ ಯಾರಿಂದಲೂ ಬರೆಸಿದ್ದಲ್ಲ.

ನಾಳೆ ಮಧ್ಯಾಹ್ನ ಬನ್ನಿ. ಬೇಗ ಮಾರಿ ಬಂದು, ಅವಳು ಕೂರುತ್ತಿದ್ದ ಹಾಗೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ. ಅವಳಿಗೆ ಎಲ್ಲಿ ನಿಲ್ಲಿಸಿದಿರೋ ಅಲ್ಲಿಂದ ಹೇಳಿಕೊಡಿ, ಅಲ್ಲಿಯವರೆಗಿನದು ನನಗೆ ಬರುತ್ತದೆ. ಸಮಾಧಾನದ ಮಾತು ಬೇಡ. ತಪ್ಪು ಬರೆದರೆ ಗದರಿಸಿ.

ಬರುವಾಗ ಒಂದು ಸ್ಲೇಟು ತರಬೇಕು. ನಮ್ಮಲ್ಲಿ ಒಂದು ಉಂಟು, ಆದರೆ ಅದರಲ್ಲಿ ಜಾಗ ಇಲ್ಲ. ಅವಳು ಬರೆದದ್ದು ಉಂಟು.

ವಾರಿಜಳಿಂದ ಕಲಿತವಳು,
ಅಪ್ಪಿ