ನೀವು ಬರೆದ ಮೀಸೆ

ಮಾವಾರಿಗೆ,

ನೀವಿರುವಲ್ಲಿ ಕ್ಷೇಮವೇ ಎಂದು ಕೇಳುವುದು ಸರಿಯೋ ಅಲ್ಲವೋ ತಿಳಿಯದು. ಇಲ್ಲಿ ರಾಣೆಬೆನ್ನೂರಿನಲ್ಲಿ ನಾವೆಲ್ಲ ಇದ್ದೇವೆ, ಅಷ್ಟೇ. ನೀವು ಹೋಗಿ ವರ್ಷ ದಾಟಿತು. ಅಳುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ, ಅದು ನಿಮ್ಮ ಸೊಸೆಯ ಸ್ವಭಾವವಲ್ಲ ಎನ್ನುವುದು ನಿಮಗೇ ಗೊತ್ತು. ನೀವು ಬರೆದ ಮೀಸೆಯ ಬಗ್ಗೆ ಒಂದು ಸುದ್ದಿಯಿದೆ. ವರದಾ ದಂಡೆಯ ಊರಿನ ಆ ವೀರಗಲ್ಲಿಗೆ ಕಪ್ಪು ಎನಾಮಲ್ ಬಣ್ಣದಲ್ಲಿ ಕೈಯಾರೆ ಬರೆದಿದ್ದಿರಲ್ಲ, ಅದೇ ಮೀಸೆ. ಅದು ಈಗಿಲ್ಲ. ತೆಗೆಸಿದವಳು ನಾನೇ.

ಮದುವೆಯಾಗಿ ಬ್ಯಾಡಗಿಯಿಂದ ಬಂದ ಹೊಸತರಲ್ಲಿ ನಿಮ್ಮ ಭಾನುವಾರಗಳು ನನಗೆ ಅರ್ಥವೇ ಆಗುತ್ತಿರಲಿಲ್ಲ. ನಿವೃತ್ತರಾದ ಡ್ರಾಯಿಂಗ್ ಮಾಸ್ತರರು ಮನೆಯಲ್ಲಿ ಪೇಪರ್ ಓದಿಕೊಂಡು ಕೂರಬಾರದೆ? ನೀವು ಮಾತ್ರ ಕರಪತ್ರ ಹಂಚಿ, ಟೆಂಪೋ ಗೊತ್ತು ಮಾಡಿ, ಬಂದವರನ್ನೆಲ್ಲ ಹತ್ತಿಸಿಕೊಂಡು ಹಳೇ ಗುಡಿ, ಹಾಳು ಕೋಟೆ, ಬಿದ್ದ ಕಲ್ಲು ತೋರಿಸಲು ಹೊರಡುತ್ತಿದ್ದಿರಿ. ನನ್ನನ್ನೂ ಒಮ್ಮೆ ಹಾವೇರಿಗೆ ಎಳೆದುಕೊಂಡು ಹೋದಿರಿ. ಗುಡಿಯ ಗೋಡೆಯ ಮುಂದೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, "ಯಾರ ಕಾಲದ್ದು, ಯಾರು ಕಟ್ಟಿಸಿದ್ರು, ಅದೆಲ್ಲಾ ಆಮ್ಯಾಲೆ. ಈಗ ಏನ್ ಕಾಣ್ತೈತಿ, ಅದನ್ನಷ್ಟ ಹೇಳ್ರಿ" ಎಂದಿರಿ. ನನ್ನ ಸರದಿ ಬಂದಾಗ ನಾನು, "ಬಿಸಲ ಕಾಣ್ತೈತ್ರಿ" ಎಂದೆ. ಎಲ್ಲರೂ ನಕ್ಕರು. ನೀವು ನಗದೆ, "ಖರೇ ಹೇಳಿದಿ. ಬಿಸಲ ಯಾವ ಕಡೆಯಿಂದ ಬಿದ್ದೈತಿ ನೋಡು, ಅದರಾಗ ಮೂರ್ತಿ ಹೆಂಗ ಎದ್ದ ಕಾಣ್ತೈತಿ" ಎಂದಿರಿ. ಅವತ್ತಿನಿಂದ ನಾನು ಒಂದು ಭಾನುವಾರವನ್ನೂ ಬಿಡಲಿಲ್ಲ.

ಅತ್ತೆ ಮಾತ್ರ ಬರುತ್ತಿರಲಿಲ್ಲ. ನಾಲ್ಕು ಗಂಟೆಗೇ ಎದ್ದು ಎಲ್ಲರಿಗೂ ರೊಟ್ಟಿ ಬಡಿದು, ಎಣಗಾಯಿ, ಶೇಂಗಾ ಚಟ್ನಿ ಮಾಡಿ, ಬುಟ್ಟಿ ಕಟ್ಟಿ ಟೆಂಪೋದೊಳಗೆ ಇಡುತ್ತಿದ್ದರು. ಯಾರಾದರೂ, "ಅಮ್ಮಾರು ಬರೂದಿಲ್ಲೇನ್ರಿ?" ಎಂದು ಕೇಳಿದರೆ ನೀವು, "ಆಕೀಗೆ ಕಲ್ಲು, ಗುಡಿ ಅಂದ್ರ ಬ್ಯಾಸರ" ಎಂದು ನಕ್ಕುಬಿಡುತ್ತಿದ್ದಿರಿ. ಅತ್ತೆ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಟೆಂಪೋ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು.

ಮೀಸೆ ಬರೆದ ದಿನ ನೆನಪಿದೆಯೆ? ಗಳಗನಾಥಕ್ಕೆ ಹೋಗುವ ದಾರಿಯಲ್ಲಿ ವೀರನಗೌಡರ ಹೊಲದ ಬದುವಿನಲ್ಲಿ ಆ ಕಲ್ಲು ಅರ್ಧ ಹೂತು, ಅರ್ಧ ವಾಲಿಕೊಂಡು ನಿಂತಿತ್ತು. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಲು ಬಂದವರು ಅದಕ್ಕೂ ಒಂದಿಷ್ಟು ಎಣ್ಣೆ ಸುರಿದು, ದೀಪ ಹಚ್ಚಿ ಹೋಗಿ, ಎಣ್ಣೆ ಮಸಿ ಸೇರಿ ಅದರ ಮೈ ದೋಸೆಯ ಹಂಚಿನಂತಾಗಿತ್ತು. ಕೆಳಗೆ ದನಗಳು, ನಡುವೆ ಕತ್ತಿ ಎತ್ತಿದ ಒಂದು ಆಕೃತಿ. ನೀವು ಕೈಯಾಡಿಸಿ ನೋಡಿ, ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತ ವೀರ ಎಂದಿರಿ. ಕಥೆ ಊರಿಗೆ ಹಿಡಿಸಿತು. ಮುಂದಿನ ವರ್ಷ ಆ ಕಲ್ಲಿನ ಹತ್ತಿರವೇ ಕಾರ್ಯಕ್ರಮ ಎಂದಾಗ, ಹಾವೇರಿ, ರಾಣೆಬೆನ್ನೂರು ಕಡೆಯ ಜನ ಬರುತ್ತಾರೆ, ವೀರನನ್ನು ಇಷ್ಟು ಕೊಳಕಾಗಿ ಇಟ್ಟರೆ ಹೇಗೆ ಎಂದು ಊರವರೇ ಬಣ್ಣದ ಡಬ್ಬಿ ತಂದರು. ಎದುರಿಗೆ ಬಣ್ಣ ಇದ್ದ ಮೇಲೆ ನಿಮ್ಮ ಕೈ ಸುಮ್ಮನಿರುತ್ತದೆಯೆ? ಮೈಗೆ ಬೆಳ್ಳಿ ಬಣ್ಣ, ಧೋತರಕ್ಕೆ ಕೆಂಪು, ದನಗಳಿಗೆ ಹಳದಿ, ಕೊನೆಗೆ ಕಿವಿಯವರೆಗೂ ತಿರುವಿದ ಮೀಸೆ. ಊರು ಚಪ್ಪಾಳೆ ಹೊಡೆಯಿತು. ಏನು ಕಾಣುತ್ತದೋ ಅದನ್ನಷ್ಟೇ ಹೇಳಿ ಎನ್ನುತ್ತಿದ್ದ ನೀವು ಅವತ್ತು...

ವೀರನಗೌಡರು ಆ ಮೀಸೆ ನೋಡಿಯೇ ತಾವೂ ಮೀಸೆ ಬಿಟ್ಟರು ಎಂದು ನಿಮ್ಮ ಗೆಳೆಯ ಖಾದರ್ ಭಾಯಿ ಇವತ್ತಿಗೂ ಹೇಳುತ್ತಾರೆ. ಎರಡನೆಯ ವರ್ಷಕ್ಕೆ ವೀರ ಅವರ ಮನೆತನದ ಮೂಲಪುರುಷನಾದ. ಮೂರನೆಯ ವರ್ಷಕ್ಕೆ ಕಲ್ಲಿನ ತಲೆಗೆ ಪಟಗ ಸುತ್ತಿ, ಪಕ್ಕದಲ್ಲಿ ಗೌಡರನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುವ ಪದ್ಧತಿ ಶುರುವಾಯಿತು. ಅವರ ಮನೆತನಕ್ಕೂ ಕಲ್ಲಿಗೂ ಸಂಬಂಧವಿದೆ ಎಂದು ನೀವು ಎಂದೂ ಹೇಳಿರಲಿಲ್ಲ, ನಿಜ. ಇಲ್ಲ ಎಂದು ಹೇಳಿದ್ದಿರಾ?

ನಿಮ್ಮ ವರ್ಷದ ಕಾರ್ಯ ಮುಗಿದ ಮೇಲೆ, ನಿಮ್ಮ ನೆನಪಿಗೆ ಅದೇ ಊರಿನಲ್ಲಿ ನಿಮ್ಮ ಭಾನುವಾರಗಳಂಥದೇ ಒಂದು ನಡಿಗೆ ಇಟ್ಟುಕೊಳ್ಳೋಣವೆಂದು ನಾವು ನಾಲ್ಕಾರು ಜನ ಗೊತ್ತು ಮಾಡಿದೆವು. ನೋಡಲು ಹೋದರೆ ಬಣ್ಣ ಹಕ್ಕಳೆಯಾಗಿ ಎದ್ದಿತ್ತು. ಹಾವೇರಿಯಿಂದ ಇತಿಹಾಸದ ಮೇಡಂ ಒಬ್ಬರನ್ನು ಕರೆದುಕೊಂಡು ಬಂದು ತೋರಿಸಿದೆ. ಮತ್ತೆ ಬಣ್ಣ ಬಳಿಯಬೇಡಿ, ಇದ್ದದ್ದನ್ನು ತೆಗೆಯಿರಿ, ಬ್ಲೇಡು ತಂತಿ ಬ್ರಷ್ಷು ಮುಟ್ಟಿಸಬೇಡಿ ಎಂದರು. ತೆಗೆಯಲು ನಿಂತವರು ನಮ್ಮ ಖಾದರ್ ಭಾಯಿ. ಪಿ.ಬಿ. ರೋಡಿನ ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವರು. "ಭಾಬಿ, ಮಾಸ್ತರ್ರು ಲಾರಿಗೂ ಹೊಡೀಲಾರದಷ್ಟು ಗಟ್ಟಿ ಹೊಡದಾರ್ರೀ" ಎನ್ನುತ್ತಾ ಮೇಡಂ ಹೇಳಿದ ಹಾಗೆ ಬಟ್ಟೆ ನೆನೆಸಿ, ನೆನೆಸಿ ಒರೆಸಿದರು. ಮೊದಲು ಹೋದದ್ದು ಮೀಸೆ.

ಆಮೇಲೆ ಒಂದೊಂದೇ ಕಾಣತೊಡಗಿತು. ಕಿವಿಯಲ್ಲಿ ದುಂಡು ಓಲೆ. ಹಿಂದಕ್ಕೆ ಕಟ್ಟಿದ ತುರುಬು. ಕತ್ತಿ ಹಿಡಿದ ಕೈತುಂಬ ಬಳೆ. ಮಸಿಯ ಕೊನೆಯ ಪದರ ಎದೆಯ ಮೇಲಿಂದ ಜಾರಿದಾಗ ಖಾದರ್ ಭಾಯಿ ಕೈ ಹಿಂದಕ್ಕೆ ಎಳೆದುಕೊಂಡು, ಹೆಗಲ ಮೇಲಿನ ಟವೆಲನ್ನು ಕಲ್ಲಿಗೆ ಹೊದಿಸಿ, ಮುಖ ತಿರುಗಿಸಿ, "ಮಾಫ್ ಮಾಡವ್ವಾ ತಾಯೀ" ಎಂದುಬಿಟ್ಟರು. ಕಾದಿ ಸತ್ತ ಹೆಣ್ಣುಮಕ್ಕಳಿಗೂ ಹೀಗೆ ಕಲ್ಲು ನಿಲ್ಲಿಸಿದ್ದಾರೆ, ವಿರಳ, ಆದರೆ ನಮ್ಮ ಕಡೆ ಇವೆ ಎಂದು ಮೇಡಂ ಹೇಳಿದರು. ನಾನು ಬದುವಿನ ಮೇಲೆ ಕುಳಿತು ನಕ್ಕೆ. ಬಹಳ ಹೊತ್ತು ನಕ್ಕೆ. ಮನೆಗೆ ಬಂದು ನಿಮ್ಮ ಫೋಟೋ ನೋಡಿದ ಮೇಲೆ ನಗು ನಿಂತು ಸಂಕಟ ಶುರುವಾಯಿತು. ಇದನ್ನು ನಿಮ್ಮ ನೆನಪಿನ ಕಾರ್ಯಕ್ರಮದಲ್ಲೇ ಹೇಳಬೇಕಲ್ಲ.

ಮರುದಿನವೇ ವೀರನಗೌಡರು ನನ್ನ ಝೆರಾಕ್ಸ್ ಅಂಗಡಿಗೆ ಬಂದರು. ಕೂರ್ರಿ ಎಂದರೂ ಕೂರಲಿಲ್ಲ.

"ಮೀಸಿ ಎಲ್ಲೈತ್ರಿ?"

"ಅದು ಕಲ್ಲಿನಾಗ ಇರಲಿಲ್ರಿ ಗೌಡ್ರ. ಬಣ್ಣದಾಗ ಇತ್ತು."

"ಅಂದ್ರ ಮಾಸ್ತರ್ರು ಇಷ್ಟ ವರ್ಷ ನಮಗ ಸುಳ್ಳ ಹೇಳಿದ್ರೇನು?"

ಏನು ಹೇಳಲಿ? ಹೌದೆಂದರೆ ನೀವು ಸುಳ್ಳುಗಾರ. ಅಲ್ಲವೆಂದರೆ ನಾನು. ಗೌಡರು ಕೌಂಟರಿನ ಮೇಲೆ ಕೈಯೂರಿ ನಿಧಾನವಾಗಿ ಹೇಳಿದರು. "ನೋಡ್ರಿ, ಪೇಂಟರ್‌ಗ ಹೇಳೇನಿ. ಮತ್ತ ಬಣ್ಣ ಬರಸ್ತೇನಿ, ಮೀಸಿನೂ ಬರಸ್ತೇನಿ. ಮಾಸ್ತರ್ರ ಹೆಸರೂ ಉಳೀತೈತಿ, ನಮ್ಮದೂ ಉಳೀತೈತಿ. ಹೆಂಗಸು ಗಿಂಗಸು ಅಂತ ಹೇಳಾಕ ಬರೂದಿದ್ರ ನಮ್ಮ ಹೊಲದಾಗ ಕಾಲ ಇಡಬ್ಯಾಡ್ರಿ."

ಆ ವಾರವೆಲ್ಲ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ನಿಮ್ಮ ಮಗ ತಾಟಿನಿಂದ ತಲೆ ಎತ್ತದೆ, "ಅಪ್ಪನ ಹೆಸರಿನ ಕಾರ್ಯಕ್ರಮದಾಗ ನಿಂತು ಅಪ್ಪನ ತಪ್ಪ ಹೇಳತೀಯೇನು?" ಎಂದರು. ಅದರಲ್ಲಿ ಅರ್ಥವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಿಮ್ಮ ನಡಿಗೆ ವರ್ಷಾವರ್ಷ ನಡೆಯುತ್ತಿತ್ತು, ನಿಮ್ಮ ಮಾತಿಗೆ ಜನ ತಲೆದೂಗುತ್ತಲೇ ಇರುತ್ತಿದ್ದರು. ಆದರೆ ಆಕೆ? ಮತ್ತೆ ಬೆಳ್ಳಿ ಬಣ್ಣದ ಒಳಗೆ, ಮೀಸೆ ಹೊತ್ತುಕೊಂಡು, ಇನ್ನೆಷ್ಟು ಕಾಲ... ಅತ್ತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಕೊನೆಗೆ ನಾನು ಗೌಡರ ಮನೆಗೆ ಹೋಗಿ, ಕಲ್ಲು ಗಂಡೋ ಹೆಣ್ಣೋ ನನ್ನ ಬಾಯಿಂದ ಒಂದು ಶಬ್ದ ಬರುವುದಿಲ್ಲ, ಬಣ್ಣ ಮಾತ್ರ ಕಾರ್ಯಕ್ರಮ ಮುಗಿಯುವವರೆಗೆ ತಡೆಯಿರಿ ಎಂದೆ. "ಮಾತ ಕೊಟ್ಟೀರಿ ನೋಡ್ರಿ" ಎಂದರು. ಕೊಟ್ಟೆ.

ನಡಿಗೆಯ ಬೆಳಿಗ್ಗೆ ಬುಟ್ಟಿ ಇಡುವಾಗ ಟೆಂಪೋದಲ್ಲಿ ಒಂದು ಸೀಟು ಖಾಲಿ ಕಂಡಿತು. "ಅತ್ತಿ, ನೀವೂ ಬರ್ರಲಾ" ಎಂದೆ, ಹಾಗೇ ಸುಮ್ಮನೆ. ಅತ್ತೆ ಒಳಗೆ ಹೋದರು. ಒಲ್ಲೆ ಎಂದರ್ಥ ಎಂದುಕೊಂಡೆ. ಇಳಕಲ್ಲ ಸೀರೆ ಉಟ್ಟು, ಬೀಗ ಹಾಕಿಕೊಂಡು ಬಂದು ಖಾಲಿ ಸೀಟಿನಲ್ಲಿ ಕುಳಿತರು.

ಕಲ್ಲಿನ ಸುತ್ತ ಆ ಸಲ ಹೆಚ್ಚೇ ಜನ. ಸುದ್ದಿ ಅಷ್ಟಿಷ್ಟು ಹಬ್ಬಿತ್ತಲ್ಲ. ಖಾದರ್ ಭಾಯಿ ಹೊದಿಸಿದ್ದ ಟವೆಲನ್ನು ಯಾರೂ ತೆಗೆದಿರಲಿಲ್ಲ. ಗೌಡರು ಕುರ್ಚಿಯಲ್ಲಿ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಟವೆಲ್ ತೆಗೆದು, "ಇವತ್ತ ನಾ ಏನೂ ಹೇಳೂದಿಲ್ರಿ. ಮಾವಾರು ಮಾಡತಿದ್ದಂಗ ಮಾಡೋಣ. ಎಲ್ಲಾರೂ ಸುಮ್ಮನ ನೋಡ್ರಿ. ಏನ್ ಕಾಣ್ತೈತಿ, ಅದನ್ನಷ್ಟ ಹೇಳ್ರಿ" ಎಂದು ಪಕ್ಕಕ್ಕೆ ನಿಂತೆ.

"ಕತ್ತಿ" ಎಂದರು ಒಬ್ಬರು. "ಆಕಳ." "ಢಾಲು." ಗಂಡಸರ ಮಾತು ಅಲ್ಲಿಗೆ ನಿಂತಿತು. ಕಂಡಿರಲಿಲ್ಲ ಎಂದಲ್ಲ, ಗೌಡರ ಮುಖ ನೋಡುತ್ತಿದ್ದರು. ಆಗ ಹಿಂದೆ ಬೇವಿನ ಗಿಡದ ಕೆಳಗಿದ್ದ ಹೆಂಗಸರ ಗುಂಪಿನಿಂದ, "ಬಳಿ ಅದಾವ" ಎಂದು ಬಂತು. ಇನ್ನೊಬ್ಬಳು, "ಓಲಿ" ಎಂದಳು. "ತುರುಬ ನೋಡ, ನಮ್ಮ ಹಿರ್ಯಾರ ಕಟ್ಟತಿದ್ರಲ್ಲ, ಹಂಗ." ಆಮೇಲೆ ಗೌಡರ ತಾಯಿ, ಬೆನ್ನು ಬಾಗಿದ ದೊಡ್ಡವ್ವ, ಕೋಲೂರಿಕೊಂಡು ಮುಂದೆ ಬಂದು ಕಲ್ಲಿಗೆ ಮುಖ ತಾಗುವಷ್ಟು ಹತ್ತಿರ ನಿಂತು ನೋಡಿದಳು. ಮಗನ ಕಡೆ ತಿರುಗಿದಳು.

"ಏ ವೀರಾ, ಹೆಣ್ಮಗಳ ಅದಾಳಲ್ಲೋ! ಇಷ್ಟ ವರ್ಷ ಹೆಣ್ಮಗಳ ತಲಿಗೆ ಪಟಗ ಸುತ್ತಿ, ಬಾಜೂಕ ಶಾಲ ಹೊತ್ಕೊಂಡ ಕುಂತೀಯಾ?"

ಯಾರೂ ನಗಲಿಲ್ಲ. ಗೌಡರ ಕೈ ತಾನಾಗಿಯೇ ತಮ್ಮ ಮೀಸೆಗೆ ಹೋಗಿ ಕೆಳಗಿಳಿಯಿತು. ಗುಂಪಿನಿಂದ ಒಬ್ಬರು ಕೇಳಿಯೇಬಿಟ್ಟರು, "ಮತ್ತ ಮಾಸ್ತರ್ರು ಗಂಡಸು ಅಂದಿದ್ರಲ್ರಿ?" ಕಲ್ಲಿನ ಬಗ್ಗೆ ಮಾತಾಡುವುದಿಲ್ಲ ಎಂದು ಗೌಡರಿಗೆ ಮಾತು ಕೊಟ್ಟಿದ್ದೆ, ನಿಮ್ಮ ಬಗ್ಗೆ ಕೊಟ್ಟಿರಲಿಲ್ಲ. "ಹೌದ್ರಿ. ಮಾವಾರು ತಪ್ಪಿದ್ರು" ಎಂದೆ. "ಕತ್ತಿ ನೋಡಿದ್ರು, ಕೈ ನೋಡಲಿಲ್ಲ. ಸುಳ್ಳ ಹೇಳಲಿಲ್ಲ, ತಪ್ಪಿದ್ರು." ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

ದೊಡ್ಡವ್ವ ಅಷ್ಟಕ್ಕೆ ಬಿಡಲಿಲ್ಲ. ಮನೆಗೆ ಹೆಣ್ಣುಮಗಳು ಬಂದರೆ ಉಡಿ ತುಂಬದೆ ಕಳಿಸುವುದುಂಟೆ ಎಂದು ಖಣ, ಕೊಬ್ಬರಿ, ಅಕ್ಕಿ, ಅರಿಷಿಣ ಕುಂಕುಮ ತರಿಸಿದಳು. ಮುತ್ತೈದೆಯರು ಸಾಲಾಗಿ ನಿಂತರು. ತಾಟನ್ನು ಅವಳು ಮೊದಲು ಹಿಡಿದದ್ದು ಅತ್ತೆಯ ಮುಂದೆ. "ಮಾಸ್ತರ್ರ ಮನಿಯಾಕಿ ಮೊದಲ ತುಂಬಲಿ." ಅತ್ತೆ ಕೈ ಸೆರಗಿನೊಳಗೆ ಎಳೆದುಕೊಂಡು, "ನಾ ಬ್ಯಾಡವಾ, ನಾ ತುಂಬಬಾರದು" ಎಂದರು. ನೀವು ಹೋದಂದಿನಿಂದ ಯಾರ ಮನೆಯ ಉಡಿಗೂ ಅವರು ಮುಂದೆ ಹೋಗಿರಲಿಲ್ಲ. ಯಾರೂ ಕರೆದೂ ಇರಲಿಲ್ಲ. ದೊಡ್ಡವ್ವನ ಬಳೆಯಿಲ್ಲದ ಬರಿಗೈಯನ್ನೂ ನಾನು ಆಗಲೇ ಗಮನಿಸಿದ್ದು.

"ಈ ಕಲ್ಲಿನಾಗ ಇರಾಕಿ ಮುತ್ತೈದಿ ಇದ್ದಳೋ, ನಮ್ಮಂಗ ಇದ್ದಳೋ, ಯಾರ ಕಂಡಾರ?" ಎಂದಳು ಅವಳು. "ತುಂಬವಾ ನೀ."

ಅತ್ತೆ ತುಂಬಿದರು. ಕೊಬ್ಬರಿ ಬಟ್ಟಲು ಕಲ್ಲಿನ ಬುಡದಲ್ಲಿ ನಿಲ್ಲದೆ ಎರಡು ಸಲ ಉರುಳಿತು, ಎರಡು ಸಲವೂ ಎತ್ತಿಟ್ಟರು. ನನಗೆ ಅಳು ಬಂತು. ಸ್ವಭಾವವಲ್ಲ ಎಂದೆನಲ್ಲ, ಬಂತು.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಗೌಡರು ನಮ್ಮ ರೊಟ್ಟಿ ಮುಟ್ಟದೆ ಎದ್ದುಹೋದರು. ಅಂಗಡಿಯ ಮುಂದೆ ಹಾದರೂ ಒಳಗೆ ನೋಡುವುದಿಲ್ಲ. ಊರಲ್ಲಿ ಕೆಲವರು, ಮಾಸ್ತರರು ಹೇಳಿದ ಬೇರೆ ಕಥೆಗಳೂ ಹೀಗೆಯೇ ಏನೋ ಎನ್ನತೊಡಗಿದ್ದಾರೆ. ಅನ್ನಲಿ. ನಾವು ಒಂದೊಂದಾಗಿ ಮತ್ತೆ ಹೋಗಿ ನೋಡುತ್ತೇವೆ. ಪೇಂಟರ್ ಮಾತ್ರ ಇನ್ನೂ ಬಂದಿಲ್ಲ, ದೊಡ್ಡವ್ವ ಇರುವವರೆಗೆ ಬರುವಂತೆಯೂ ಕಾಣುವುದಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರಿಗೂ ತೂಕಡಿಕೆ. ಅತ್ತೆ ಕಿಟಕಿಯ ಪಕ್ಕ ಕುಳಿತು ಉಗುರಿನ ಅರಿಷಿಣವನ್ನು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ನಿಮ್ಮನ್ನು ಹಾಗೆ ಜನರ ಮುಂದೆ ಅಂದದ್ದಕ್ಕೆ ಸಿಟ್ಟಾಗಿದ್ದಾರೇನೋ ಎಂದು ನನಗೆ ಅಳುಕು. ಮಾತು ತೆಗೆಯಲು ಕೇಳಿದೆ, "ಅತ್ತಿ, ಮಾವಾರು ಇದ್ದಾಗ ಒಂದ ಸಲಾನೂ ಬರಲಿಲ್ಲಲ್ರಿ ನೀವು. ಖರೇನ ನಿಮಗ ಕಲ್ಲು, ಗುಡಿ ಅಂದ್ರ ಬ್ಯಾಸರೇನು?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು.

"ಬಾ ಅಂತ ಅವರು ಯಾವಾಗ ಅಂದ್ರವಾ?"

ಸಿಟ್ಟಿರಲಿಲ್ಲ. ದೂರೂ ಇರಲಿಲ್ಲ. "ರೊಟ್ಟಿ ಕಟ್ಟು ಅಂತಿದ್ರು, ಕಟ್ಟತಿದ್ದೆ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು.

ಇಷ್ಟನ್ನು ನಿಮಗೆ ತಿಳಿಸಬೇಕೆಂದೇ ಕುಳಿತೆ, ಮಾವಾರೇ. ಮುಂದಿನ ತಿಂಗಳು ದೇವರಗುಡ್ಡದ ಕಡೆ ಹೊರಟಿದ್ದೇವೆ. ರೊಟ್ಟಿಯನ್ನು ಈ ಸಲ ಖಾನಾವಳಿಯಿಂದ ತರಿಸುವ ಜವಾಬ್ದಾರಿ ನಿಮ್ಮ ಮಗನದು. ಕರಪತ್ರ ಇನ್ನೂ ಅಂಗಡಿಯಲ್ಲೇ ಇದೆ, ಯಾರಿಗೂ ಹಂಚಿಲ್ಲ. ನಾನು ಕರೆಯುವ ಮೊದಲೇ ಅತ್ತೆ ಮುಂದಿನ ಸೀಟು ತಮಗೆ ಬೇಕೆಂದು ಹೇಳಿಯಾಗಿದೆ.

ಇತಿ,
ನಿಮ್ಮ ಸೊಸೆ